ಏಪ್ರಿಲ್‌ನಲ್ಲಿ ಕಬಿನಿ ಸಫಾರಿ: ಆನೆ ಫೋಟೊಗೆ 70-300 ಲೆನ್ಸ್ ಸಾಕಾ?

ಹಳೇಮೈಸೂರಿಗ:
ನಮಸ್ಕಾರ. ಏಪ್ರಿಲ್‌ನಲ್ಲಿ ಮನೆಯವರ ಜೊತೆ ಕಬಿನಿಗೆ ಹೋಗುತ್ತಿದ್ದೇವೆ, ಕ್ಯಾಂಟರ್ (ಮಿನಿ ಬಸ್ಸಿನಂಥ ಗಾಡಿ) ಸಫಾರಿ. ನನ್ನ ಹತ್ತಿರ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಕ್ಯಾಮೆರಾ, 70-300 ಎಂಎಂ ಜೂಮ್ ಲೆನ್ಸ್ ಇದೆ. 150-600 ಬಾಡಿಗೆಗೆ ತಗೊಳ್ಳಬೇಕಾ? ಬೆಳಕು ಕಡಿಮೆ ಇದ್ದಾಗ ಸೆಟ್ಟಿಂಗ್ ಏನಿಡಲಿ? ಹುಲಿ ಕಂಡರೆ ಖುಷಿಯೇ, ಆದರೆ ನನಗೆ ಮುಖ್ಯವಾಗಿ ಬೇಕಿರುವುದು ಆನೆ ಹಿಂಡಿನ ಫೋಟೊ.

ಹಿನ್ನೀರು:
ಆನೆಗೆ ಏಪ್ರಿಲ್ ತುಂಬಾ ಒಳ್ಳೆ ಸಮಯ. ಬೇಸಿಗೆಯಲ್ಲಿ ಹಿನ್ನೀರು ಇಳಿದು ದಡದಲ್ಲಿ ಹಸಿ ಹುಲ್ಲು ಬಂದಿರುತ್ತದೆ, ನಾಗರಹೊಳೆ ಕಡೆಯಿಂದಲೂ ಬಂಡೀಪುರ ಕಡೆಯಿಂದಲೂ ಹಿಂಡುಗಳು ಅಲ್ಲಿಗೆ ಇಳಿಯುತ್ತವೆ. ಕ್ರಾಪ್ ಬಾಡಿಯಲ್ಲಿ 300 ಅಂದರೆ ದೊಡ್ಡ (ಫುಲ್ ಫ್ರೇಮ್) ಸೆನ್ಸರ್‌ನ ಹೆಚ್ಚುಕಡಿಮೆ 450ರಷ್ಟು ಹತ್ತಿರ ಕಾಣುತ್ತದೆ, ಧಾರಾಳ ಸಾಕು. 150-600 ಎರಡು ಕೆಜಿ ಹತ್ತಿರ ತೂಗುತ್ತದೆ, ತುಂಬಿದ ಕ್ಯಾಂಟರ್‌ನಲ್ಲಿ ಎತ್ತಿ ಹಿಡಿಯುವುದು ಸುಲಭವಲ್ಲ. ದಾರಿ ಪಕ್ಕದಲ್ಲೇ ಸಲಗ ನಿಂತರೆ ಆ ಲೆನ್ಸ್ ಅನ್ನು ಪೂರ್ತಿ ಹಿಂದಕ್ಕೆ ತಂದರೂ, ಅಂದರೆ 150ರಲ್ಲಿ, ಬರೀ ಕಿವಿ, ಸೊಂಡಿಲು ಸಿಗುತ್ತದೆ ಅಷ್ಟೇ. ಹಕ್ಕಿ ಫೋಟೊ ಬೇಕಿದ್ದರೆ ಮಾತ್ರ ಬಾಡಿಗೆ ಯೋಚನೆ ಮಾಡಿ. ಲೆನ್ಸ್ ಅಳತೆ ಮೇಲೆ ಕ್ಯಾಮೆರಾ ಶುಲ್ಕ ಬೇರೆ ಇರುತ್ತದೆ, ಬುಕಿಂಗ್ ಮಾಡುವಾಗಲೇ ಕೇಳಿಕೊಳ್ಳಿ.

ಕಾಡುದಾರಿ:
ಸೆಟ್ಟಿಂಗ್ ಬಗ್ಗೆ ನಾನು ಹೇಳುತ್ತೇನೆ. ಮ್ಯಾನುಯಲ್ ಮೋಡ್, ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದಿಡಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೊ. ಸುಮ್ನೆ ನಿಂತ ಪ್ರಾಣಿಗೆ ಶಟರ್ 1/500 ಸೆಕೆಂಡ್, ಓಡುತ್ತಿದ್ದರೆ 1/1000ಕ್ಕಿಂತ ವೇಗವಾಗಿ. ಐಎಸ್‌ಒ 6400ಕ್ಕೆ ಹೋದರೂ ಹೋಗಲಿ, ನಾಯ್ಸ್ (ಫೋಟೊದಲ್ಲಿ ಕಾಣುವ ಕಾಳುಕಾಳು) ಆಮೇಲೆ ಕಡಿಮೆ ಮಾಡಬಹುದು, ಅಲುಗಿದ ಫೋಟೊಗೆ ಏನೂ ಮಾಡೋಕಾಗಲ್ಲ.

ಫೋಕಸ್‌ಗೆ ಒಂದೇ ಪಾಯಿಂಟ್ ಇಡಿ. ಅಲ್ಲಿ ಎಲ್ಲಿ ನೋಡಿದರೂ ಲಂಟಾನ ಪೊದೆ, ಕ್ಯಾಮೆರಾ ಮುಂದಿನ ಕಡ್ಡಿಯನ್ನೇ ಹಿಡಿದುಕೊಂಡು ಹಿಂದಿರುವ ಚಿರತೆಯ ಮುಖ ಮಸುಕಾಗಿಬಿಡುತ್ತದೆ. ಪಾಯಿಂಟ್ ಕಣ್ಣಿನ ಮೇಲಿರಲಿ. ಆನೆ ಫ್ರೇಮ್ ತುಂಬಿದರೆ ಕ್ಯಾಮೆರಾ ಅದರ ಕಪ್ಪು ಮೈಯನ್ನು ಬೂದು ಮಾಡುತ್ತದೆ, ಎಕ್ಸ್‌ಪೋಶರ್ (ಫೋಟೊದ ಬೆಳಕು) -0.7 ಮಾಡಿ. ಹಿಂದೆ ನೀರು ಹೊಳೆಯುತ್ತಿದ್ದರೆ ಉಲ್ಟಾ, ಸ್ವಲ್ಪ ಪ್ಲಸ್‌ಗೆ ತನ್ನಿ. ಇನ್ನೊಂದು, ಬಿಸಿಲು ಜೋರಿದ್ದಾಗ ದೂರದ ದಡದ ಆನೆಗಳು ಯಾವ ಲೆನ್ಸ್‌ನಲ್ಲೂ ಚೂಪಾಗಿ ಬರಲ್ಲ, ನೆಲದಿಂದ ಏಳುವ ಬಿಸಿ ಗಾಳಿ ಎಲ್ಲವನ್ನೂ ಕದಡುತ್ತದೆ. ಬಿಸಿಲು ಇಳಿಯುವವರೆಗೂ ಕಾಯಬೇಕು.

ಮುಸುವ:
ಪ್ರಾಣಿ ಕಂಡು ಗಾಡಿ ನಿಂತಾಗ ಎಂಜಿನ್ ಆಫ್ ಮಾಡಲು ಹೇಳಿ, ನಡುಗುವ ಕ್ಯಾಂಟರ್‌ನಲ್ಲಿ ಫೋಟೊ ಚೂಪಾಗಿ ಬರಲ್ಲ. ಆಗ ಕಡವೆ, ಜಿಂಕೆ, ಮುಸುವಗಳ ಎಚ್ಚರಿಕೆ ಕೂಗೂ ಕೇಳಿಸುತ್ತದೆ, ಹುಲಿ ಎಲ್ಲಿದೆ ಅಂತ ಗೊತ್ತಾಗುವುದೇ ಅದರಿಂದ. ಫ್ಲ್ಯಾಶ್ ಬೇಡವೇ ಬೇಡ. ಆನೆ ಕಿವಿ ಅಗಲಿಸಿ, ತಲೆ ಎತ್ತಿ ನಿಮ್ಮ ಕಡೆ ತಿರುಗಿ ನಿಂತರೆ ಅದಕ್ಕೆ ಕಿರಿಕಿರಿ ಆಗಿದೆ ಅಂತ ಅರ್ಥ. ಮರಿ ಜೊತೆಗಿದ್ದರಂತೂ ಇನ್ನೂ ಹತ್ತಿರ ಹೋಗಿ ಅಂತ ಡ್ರೈವರ್‌ಗೆ ದಯವಿಟ್ಟು ಒತ್ತಾಯ ಮಾಡಬೇಡಿ. ಅವರ ಕೆಲಸಕ್ಕೂ ಕುತ್ತು, ಆನೆಗೂ ಹಿಂಸೆ.

ಹಳೇಮೈಸೂರಿಗ:
ತುಂಬಾ ಥ್ಯಾಂಕ್ಸ್, 70-300 ಒಂದೇ ತರುತ್ತೇನೆ. ಲೆನ್ಸ್ ಊರಲು ಕ್ಯಾಂಟರ್ ಕಂಬಿ ಮೇಲೆ ಬೀನ್ ಬ್ಯಾಗ್ (ಕಾಳು ತುಂಬಿದ ಚೀಲ) ಇಡಬಹುದಾ?

ಹಿನ್ನೀರು:
ಇಡಬಹುದು, ಕಿಟಕಿ ಪಕ್ಕದ ಸೀಟ್ ಸಿಗಬೇಕು ಅಷ್ಟೇ. ಖಾಲಿ ಚೀಲ ತನ್ನಿ, ಎಚ್.ಡಿ. ಕೋಟೆಯಲ್ಲಿ ಅಕ್ಕಿ ತಗೊಂಡು ಮುಕ್ಕಾಲು ಭಾಗ ತುಂಬಿಸಿ. ಪೂರ್ತಿ ತುಂಬಿದರೆ ಲೆನ್ಸ್ ಕೂರಲ್ಲ.