ಅಪ್‌ಡೇಟ್: ಅಕ್ಕನ ಮಗನ ತೋಟದ ಪೋಷಕರು ಬದಲಾದರು

ಅಕ್ಕ, ಭಾವ ಇಬ್ಬರೂ ತೀರಿಕೊಂಡ ಮೇಲೆ ತೀರ್ಥಹಳ್ಳಿ ಬಳಿ ಅವರ ಮಗನ ಹೆಸರಿನಲ್ಲಿರುವ ಎರಡು ಎಕರೆ ಅಡಿಕೆ ತೋಟವನ್ನು ಅವನ ದೊಡ್ಡಪ್ಪ ನೋಡಿಕೊಳ್ಳುತ್ತಿದ್ದರು, ಲೆಕ್ಕ ಕೊಡುತ್ತಿರಲಿಲ್ಲ. ನ್ಯಾಯಾಲಯವೇ ನೇಮಿಸಿದ ಇಂಥ ಪೋಷಕರನ್ನು ಬದಲಿಸಬಹುದೇ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಬದಲಿಸಬಹುದು. ಬದಲಾದರು.

1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯ 39ನೇ ಕಲಮಿನಡಿ ಅವರನ್ನು ತೆಗೆಯಲು ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಿದೆ. ಮನೆ ಮಾತನ್ನು ಕೋರ್ಟಿಗೆ ಒಯ್ದಳೆಂದು ನೆಂಟರು ಮುಖ ತಿರುಗಿಸಿದರು, ಇರಲಿ. ಕೆಲಸಕ್ಕೆ ಬಂದದ್ದು ಮಂಡಿಯ ಪಟ್ಟಿಗಳು. ಮೂರು ವರ್ಷ ರಾಶಿ ಅಡಿಕೆ ಮಾರಿದ ಚೀಟಿಗಳಲ್ಲಿ ಒಂದರಲ್ಲೂ ಹುಡುಗನ ಹೆಸರಿಲ್ಲ. ವಕೀಲರು ಅವನ್ನು ಮುಂದಿಟ್ಟ ಮೇಲೆ ದೊಡ್ಡಪ್ಪನೇ 40ನೇ ಕಲಮಿನಂತೆ ಪೋಷಕರ ಹೊಣೆಯಿಂದ ಬಿಡುಗಡೆ ಕೋರಿದರು. ಬಿಡುಗಡೆಯೇನೋ ಸಿಕ್ಕಿತು, ಆದರೆ ದಾಖಲೆಗಳ ಜೊತೆಗೆ ಲೆಕ್ಕವನ್ನೂ ಒಪ್ಪಿಸಬೇಕೆಂಬ ಆದೇಶವೂ ಬಂತು.

ನ್ಯಾಯಾಧೀಶರು ಹುಡುಗನನ್ನೂ ಕೇಳಿದರು. ಹದಿನಾಲ್ಕರ ಪೋರ, "ಚಿಕ್ಕಮ್ಮ ಹೊತ್ತಿಗೆ ಸರಿಯಾಗಿ ಔಷಧಿ ಹೊಡೆಸುತ್ತಾರೆ" ಎಂದಷ್ಟೇ ಹೇಳಿದ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಸುವುದು ತಡವಾಗಿ, ಕೊಳೆರೋಗಕ್ಕೆ ಹಸಿರು ಕಾಯಿಗಳು ಮರದಡಿ ಉದುರಿ ಬಿದ್ದದ್ದನ್ನು ಅವನು ಮರೆತಿಲ್ಲ.

ಈಗ ನಾನೇ ಪೋಷಕಿ. ನ್ಯಾಯಾಲಯದ ಅನುಮತಿಯಿಲ್ಲದೆ ತೋಟ ಮಾರುವಂತಿಲ್ಲ, ಅಡವಿಡುವಂತಿಲ್ಲ, ಐದು ವರ್ಷ ಮೀರಿದ ಗುತ್ತಿಗೆಗೆ ಕೊಡುವಂತಿಲ್ಲ. ನನಗೂ ಅದೇ ಬೇಕಿತ್ತು. ಇನ್ನೂರು ಪುಟದ ನೋಟ್‌ಬುಕ್ ತಂದು ಖರ್ಚು ಬರೆಯುತ್ತಿದ್ದೇನೆ. ಮೊದಲ ಪುಟದಲ್ಲಿ ಮೈಲುತುತ್ತ, ಸುಣ್ಣ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನ ಕೂಲಿ. ದೊಡ್ಡಪ್ಪನಿಂದ ಇನ್ನೂ ಒಂದು ವರ್ಷದ ಲೆಕ್ಕ ಬರಬೇಕು. ಅದಕ್ಕೆ ಮತ್ತೊಂದು ವಾಯಿದೆ ಬಿದ್ದಿದೆ.