ಸೊಂಟದಡಿಗೆ ಎರಡು ಬೆಣೆ

"ನನ್ನ ಎಡಗಾಲು ಗಿಡ್ಡ ಅಂತೆ ಮಾರಾಯ," ಅಂದ ಸದಾಶಿವ, ಗೋಳಿಬಜೆಯನ್ನು ಚಟ್ನಿಗೆ ಅದ್ದುತ್ತಾ. ಉಡುಪಿ ರಥಬೀದಿ ಹತ್ತಿರದ ನಮ್ಮ ಈ ಹೋಟೆಲಿನಲ್ಲಿ ಸಂಜೆ ಐದರ ಮೇಲೆ ಯಾರ ಕಾಯಿಲೆಯೂ ಗುಟ್ಟಲ್ಲ.

"ಇಷ್ಟು ವರ್ಷ ಆದ ಮೇಲೆ ಈಗ ಗೊತ್ತಾದದ್ದಾ?" ಭಟ್ರು ಕೇಳಿದರು.

ಬೆಂಗಳೂರಿಗೆ ಮಗಳ ಮನೆಗೆ ಹೋದವನು ಅಲ್ಲಿ ಕೈಯಿಂದಲೇ ಬೆನ್ನು, ಕೀಲು ಸರಿಮಾಡುವ ಕೈರೋಪ್ರಾಕ್ಟರ್ ಒಬ್ಬರಿಗೆ ಸೊಂಟ ತೋರಿಸಿ ಬಂದಿದ್ದ. ಅವರು ಇವನನ್ನು ಮಲಗಿಸಿ, ಕಾಲು ಜೋಡಿಸಿ ನೋಡಿ, ಸೊಂಟದಡಿಗೆ ಎರಡು ಬೆಣೆ ತುರುಕಿ, ಸುಮ್ನೆ ಮಲಗಿರಿ ಅಂದರಂತೆ. ಒಂದು ನೆಟಿಗೆಯೂ ತೆಗೆಯಲಿಲ್ಲ. ಅದೇ ಅವನ ದೊಡ್ಡ ಬೇಸರ. "ಅಷ್ಟು ದುಡ್ಡು ಕೊಟ್ಟ ಮೇಲೆ ಸದ್ದಾದರೂ ಬರಬೇಕಲ್ವಾ?"

ಮಂಗಳೂರಿನಲ್ಲಿ ಫಿಸಿಯೋಥೆರಪಿ ಮಾಡುವ ರೋಶನ್ ನಕ್ಕ. "ಸದ್ದು ಮೂಳೆಯದ್ದಲ್ಲ. ಕೀಲಿನೊಳಗಿನ ದ್ರವದಲ್ಲಿ ಗಾಳಿಯ ಗುಳ್ಳೆ ಆಗುವಾಗ ಬರುವುದು. ನಿಮಗೆ ಮಾಡಿದ್ದು ಸ್ಯಾಕ್ರೋ ಆಕ್ಸಿಪಿಟಲ್ ಟೆಕ್ನಿಕ್. ಅಮೆರಿಕದ ಮೇಜರ್ ಬರ್ಟ್ರಾಂಡ್ ಡಿಜಾರ್ನೆಟ್ ಅನ್ನುವವರು ಕಟ್ಟಿದ್ದು."

"ಮಿಲಿಟರಿಯವರಾ?"

"ಅಲ್ಲ ಭಟ್ರೇ, ಮೇಜರ್ ಅಂತ ಹೆಸರೇ."

ಬೆನ್ನುಮೂಳೆಯ ಬುಡದಲ್ಲಿ ಐದು ಮಣಿ ಒಂದಾಗಿ ಬೆಸೆದ ಮೂಳೆ ಉಂಟಲ್ಲ, ಅದು ಸ್ಯಾಕ್ರಮ್. ತಲೆಬುರುಡೆಯ ಹಿಂಭಾಗ ಆಕ್ಸಿಪುಟ್. ಬೆನ್ನುಹುರಿಯನ್ನು ಸುತ್ತಿದ ಪೊರೆ ಎರಡಕ್ಕೂ ಸೇರಿಕೊಂಡಿದೆ. ಹಾಗಾಗಿ ಕೆಳಗೆ ಸೊಂಟ ವಾಲಿದರೆ ಮೇಲೆ ತಲೆಯವರೆಗೂ ಎಳೆತ ಅನ್ನುವುದು ಅವರ ಲೆಕ್ಕ. ರೋಗಿಗಳನ್ನು ಮೂರು ಕೆಟಗರಿ ಮಾಡುತ್ತಾರೆ. ಮೂರನೆಯದು ಡಿಸ್ಕ್, ನರ, ಕಾಲಿಗೆ ಇಳಿಯುವ ನೋವಿನವರದ್ದು. ಯಾವ ಬೆಣೆ ಎಲ್ಲಿ, ಯಾವ ಕೋನದಲ್ಲಿ ಅಂತ ಕೆಟಗರಿಯ ಮೇಲೆ ಹೇಳುವುದು. ಉಳಿದ ಕೆಲಸ ನಮ್ಮದೇ ಭಾರ ಮತ್ತು ಉಸಿರಾಟದ್ದು.

"ಶಿರಾಡಿ ಘಾಟಿಯಲ್ಲಿ ಕೆಟ್ಟು ನಿಂತ ಲಾರಿಯ ಚಕ್ರಕ್ಕೆ ಕಲ್ಲು ಇಟ್ಟ ಹಾಗಾಯ್ತು," ಅಂದ ಜಯಂತ. ಸದಾಶಿವನಿಗೆ ಲಾರಿಯ ಹೋಲಿಕೆ ಹಿಡಿಸಲಿಲ್ಲ. ಹೊಟ್ಟೆಯನ್ನು ಸ್ವಲ್ಪ ಒಳಗೆಳೆದುಕೊಂಡ.

ರೋಶನ್ ಇದರ ಮೂಲವಾದ ಕೈರೋಪ್ರಾಕ್ಟಿಕ್ ವಿದ್ಯೆಯ ಹುಟ್ಟನ್ನೂ ಹೇಳಿದ. 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ ಡಿ. ಡಿ. ಪಾಮರ್ ಅನ್ನುವವರು ಕಿವಿ ಮಂದವಾದ ಕೆಲಸಗಾರ ಹಾರ್ವೆ ಲಿಲ್ಲಾರ್ಡ್‌ನ ಬೆನ್ನು ಒತ್ತಿದರು, ಕಿವಿ ಕೇಳಿತು ಅಂತ ಹೇಳಿಕೊಂಡರು.

"ಇದರಲ್ಲಿ ಎಂತ ವಿಶೇಷ?" ಭಟ್ರು ಅಂದರು. "ಬೆನ್ನಿಗೆ ಎರಡು ಬಿಟ್ಟರೆ ನನ್ನ ಮೊಮ್ಮಗನಿಗೂ ಕಿವಿ ಕೇಳ್ತದೆ."

ಆಮೇಲೆ ಆಗಬಾರದ್ದು ಆಯಿತು. ಹೋಟೆಲಿನ ಬೆಂಚಿನ ಮೇಲೆ ಒಬ್ಬೊಬ್ಬರಾಗಿ ಮಲಗಿ ಕಾಲು ಅಳೆಸಿಕೊಂಡೆವು. ಸಪ್ಲಾಯರ್ ಹುಡುಗನೂ ಬಿಡಲಿಲ್ಲ. ಎಲ್ಲರದ್ದೂ ಹೆಚ್ಚುಕಮ್ಮಿ! ಎಲ್ಲರಿಗಿಂತ ಜಾಸ್ತಿ ವ್ಯತ್ಯಾಸ ಜಯಂತನದ್ದು. ರಾತ್ರಿಯಿಡೀ ಯಕ್ಷಗಾನದಲ್ಲಿ ಕುಣಿದು, ಮಂಡಿಯಲ್ಲಿ ಗಿರ್ಕಿ ಹೊಡೆದು, ಬೆಳಿಗ್ಗೆ ಸೀದಾ ಗದ್ದೆಗೆ ಇಳಿಯುವ ಮನುಷ್ಯ. ಸೊಂಟನೋವು ಅಂದರೆ ಎಂತ ಅಂತಲೇ ಅವನಿಗೆ ಗೊತ್ತಿಲ್ಲ.

"ನೋಡಿ, ಇಷ್ಟೇ ಕತೆ," ಅಂದ ರೋಶನ್. "ಸಣ್ಣ ವ್ಯತ್ಯಾಸ ಬಹಳ ಜನರಿಗೆ ಉಂಟು. ಮಲಗಿದ ಭಂಗಿ, ಬಿಗಿದ ಸ್ನಾಯು, ಇದರಿಂದಲೂ ಕಾಲು ಗಿಡ್ಡ ಕಾಣ್ತದೆ. ಸ್ಯಾಕ್ರಮ್ ಸೊಂಟದ ಮೂಳೆಗೆ ಸೇರುವ ಕೀಲು ಅಲುಗುವುದೇ ಒಂದೆರಡು ಮಿಲಿಮೀಟರ್. ಮೂಳೆ ಜಾರಿ ಎಲ್ಲಿಗೂ ಹೋಗಿರುವುದಿಲ್ಲ."

"ಹಾಗಾದ್ರೆ ನನಗೆ ಹಗುರ ಆದದ್ದು ಸುಳ್ಳಾ?"

"ಸುಳ್ಳಲ್ಲ ಸದಾಶಿವಣ್ಣ. ಕೈಯಿಂದ ಬೆನ್ನು ಸರಿಮಾಡುವ ಚಿಕಿತ್ಸೆಯಿಂದ ಸೊಂಟನೋವು ಸ್ವಲ್ಪ ಕಡಿಮೆ ಆಗ್ತದೆ, ವ್ಯಾಯಾಮದಿಂದ ಆಗುವಷ್ಟೇ. ಬೆಣೆಗೆ ಮಾತ್ರ ಗಟ್ಟಿ ಪುರಾವೆ ಕಡಿಮೆ. ಆದರೆ ಕಾಲು ಸೋತರೆ, ತೊಡೆಸಂದಿ ಮರಗಟ್ಟಿದರೆ, ಮೂತ್ರ ಹಿಡಿತ ತಪ್ಪಿದರೆ ಬೆಣೆ ಗಿಣೆ ಬೇಡ, ಸೀದಾ ಆಸ್ಪತ್ರೆ."

ನನಗೂ ಅವನ ಮಾತೇ ಸರಿ ಕಂಡಿತು. ಮಲಗಿಸಿ ನಿಧಾನಕ್ಕೆ ಉಸಿರಾಡಿಸಿದರೆ ಯಾರ ಸೊಂಟವಾದರೂ ಸ್ವಲ್ಪ ಸಡಿಲ ಆಗುವುದೇ. ಅದಕ್ಕೆ ತಲೆಬುರುಡೆಯನ್ನು ಸಾಕ್ಷಿ ಕರೆಯಬೇಕಾಗಿಲ್ಲ.

ಬಿಲ್ ಬಂತು. ಸದಾಶಿವ ಒಂದು ಕಡೆ ವಾಲಿ, ನರಳುತ್ತಾ, ಹಿಂದಿನ ಜೇಬಿನಿಂದ ಪರ್ಸ್ ಎಳೆದ. ಮೇಜಿನ ಮೇಲೆ ಇಟ್ಟಾಗ ಧೊಪ್ ಅಂತು.

"ದಿನವಿಡೀ ಇದರ ಮೇಲೇ ಕೂತುಕೊಳ್ಳುವುದಾ?" ರೋಶನ್ ಕಣ್ಣರಳಿಸಿದ. "ಮೊದಲು ಈ ಬೆಣೆ ತೆಗೀರಿ!"

"ಅಷ್ಟು ದುಡ್ಡುಂಟಾ ನಿನ್ನ ಹತ್ರ?" ಭಟ್ರು ಬಿಡಿಸಿ ನೋಡಿದರು. ಹಳೇ ಪೆಟ್ರೋಲ್ ಬಿಲ್, ಮೂರು ಎಟಿಎಂ ಕಾರ್ಡು, ಒಂದು ಹತ್ತರ ನೋಟು.

ಬಿಲ್ ರೋಶನ್ ಕೊಟ್ಟ.