ಡಬ್ಲ್ಯೂಆರ್‌ಎಕ್ಸ್‌ಗೆ ಕಾಯ್ಲೋವರ್ ಹಾಕ್ಬೇಕು, ಮಿಚಿಗನ್‌ನಲ್ಲಿ ಹಿಮ ಕರಗೋಕೆ ರಸ್ತೆಗೆ ಹಾಕೋ ಉಪ್ಪಿಗೆ ಯಾವ್ದು ತಡ್ಕೊಳುತ್ತೆ?

ನೋವೈ_ನಿವಾಸಿ

ನಮಸ್ಕಾರ ಎಲ್ರಿಗೂ. ಗಾಡಿ 2017ರ ಸುಬಾರು ಡಬ್ಲ್ಯೂಆರ್‌ಎಕ್ಸ್, ಮ್ಯಾನ್ಯುವಲ್, ಓಡಿರೋದು 88 ಸಾವಿರ ಮೈಲಿ, ನಾವಿರೋದು ಡೆಟ್ರಾಯ್ಟ್ ಹತ್ರ ನೋವೈಲಿ. ಸಸ್ಪೆನ್ಷನ್ ಶೋರೂಮಿಂದ ಬಂದಿದ್ದೇ ಇದೆ, ಇವತ್ತಿನವರೆಗೂ ಬದಲಾಯ್ಸಿಲ್ಲ. ಮೊನ್ನೆ ಟೈರ್ ರೊಟೇಟ್ ಮಾಡೋಣ ಅಂತ ಚಕ್ರ ಬಿಚ್ಚಿ ನೋಡಿದ್ರೆ ಹಿಂದಿನ ಬಲಗಡೆ ಶಾಕಲ್ಲಿ ಎಣ್ಣೆ ಒಸರಿ, ಅದಕ್ಕೆ ಧೂಳು ಮೆತ್ಕೊಂಡು ಕಪ್ಪಗೆ ಹಪ್ಪಳದ ಥರ ಗಟ್ಟಿಯಾಗಿ ಕೂತಿದೆ, ಉಗುರಲ್ಲಿ ಕೆರೆದ್ರೆ ಪದರ ಪದರವಾಗಿ ಬರುತ್ತೆ. ಐ-96ರಲ್ಲಿ ಸೇತುವೆ ಜಾಯಿಂಟ್ ದಾಟಿದಾಗ ಹಿಂಭಾಗ ಎರಡ್ಮೂರು ಸಲ ತೂಗಾಡಿ ಆಮೇಲೆ ನಿಲ್ಲುತ್ತೆ, ಇದು ಅದಕ್ಕೇ ಅಂತ ಈಗ ಗೊತ್ತಾಯ್ತು.

ಹೆಂಗೂ ನಾಲ್ಕೂ ಬದಲಾಯ್ಸಬೇಕಲ್ಲ, ಕಾಯ್ಲೋವರ್‌ಗೇ (ಶಾಕ್, ಸ್ಪ್ರಿಂಗ್ ಸೇರಿ ಬರೋ, ಗಾಡಿ ಎತ್ತರ ಹೆಚ್ಚು ಕಡಿಮೆ ಮಾಡಬಹುದಾದ ಸೆಟ್) ಹೋಗೋಣ ಅನ್ನೋ ಯೋಚನೆ. ದಿನಾ ಆಫೀಸಿಗೆ ಇದೇ ಗಾಡಿ, ಬೇಸಿಗೇಲಿ ಎರಡ್ಮೂರು ಸಲ ಸೌತ್ ಹೇವನ್ ಕಡೆ ಜಿಂಜರ್‌ಮನ್ ಟ್ರ್ಯಾಕಿಗೆ ಹೋಗ್ತೀನಿ. ಹಿಂದಿನ ಸೀಟಲ್ಲಿ ಒಂದೂವರೆ ವರ್ಷದ ಮಗಳ ಕಾರ್ ಸೀಟ್ ಇರುತ್ತೆ, ಅವಳಿಗೆ ನಿದ್ದೆ ಬರೋದೇ ಗಾಡೀಲಿ, ಹಾಗಾಗಿ ಕಲ್ಲಿನ ಥರ ಗಟ್ಟಿಯಾಗಿರೋದು ಬೇಡ. ಬಿ.ಸಿ. ರೇಸಿಂಗ್ ಬಿಆರ್, ಟೀನ್ ಫ್ಲೆಕ್ಸ್ ಝಡ್, ಕೆಡಬ್ಲ್ಯೂ ವೇರಿಯಂಟ್ 3, ಓಲಿನ್ಸ್ ರೋಡ್ ಅಂಡ್ ಟ್ರ್ಯಾಕ್ ಇವಿಷ್ಟು ನೋಡಿಟ್ಟಿದ್ದೀನಿ, ರೇಟಲ್ಲಿ ಮೊದಲ್ನೇದಕ್ಕೂ ಕೊನೇದಕ್ಕೂ ಡಬಲ್ಲಿಗಿಂತ ಜಾಸ್ತಿ ವ್ಯತ್ಯಾಸ ಇದೆ. ಅಷ್ಟು ದುಡ್ಡು ಸುರಿಯೋದ್ರಲ್ಲಿ ಅರ್ಥ ಇದ್ಯಾ? ಎಷ್ಟು ತಗ್ಗಿಸಬಹುದು? ಗ್ಯಾರೇಜಲ್ಲಿ ನಾನೇ ಫಿಟ್ ಮಾಡಬಹುದಾ? ಬ್ರೇಕ್ ಪ್ಯಾಡು, ರೋಟರ್ ಎಲ್ಲಾ ನಾನೇ ಹಾಕಿ ಅಭ್ಯಾಸ ಇದೆ, ಸಸ್ಪೆನ್ಷನ್ ಮುಟ್ಟಿಲ್ಲ. ಅನುಭವ ಇರೋರು ದಯವಿಟ್ಟು ಹೇಳಿ.

ತೀರ್ಥಹಳ್ಳಿ_ಟು_ಡುಲೂತ್

ನಂದು 2015, ಇದೇ ಬಾಡಿ. ಇದು ಎರಡನೇ ಸೆಟ್ ಕಾಯ್ಲೋವರ್, ಮೊದಲನೇದು ಉಪ್ಪು ತಿಂದುಹಾಕ್ತು. ಯಾವ ಕಂಪನೀದು ಅಂತ ಹೇಳಲ್ಲ, ತಪ್ಪು ಅರ್ಧ ನಂದೂ ಇತ್ತು. ಹಾಕಿದ ಮೇಲೆ ಮೂರು ಚಳಿಗಾಲ ಎತ್ತರ ಹೊಂದಿಸೋ ಸ್ಕ್ರೂ ದಾರಗಳ ಕಡೆ ತಿರುಗಿ ನೋಡಲಿಲ್ಲ, ನಾಲ್ಕನೇ ವರ್ಷ ಸ್ವಲ್ಪ ಎತ್ತರಿಸೋಣ ಅಂತ ಸ್ಪ್ಯಾನರ್ ಹಾಕಿದ್ರೆ ಕಾಲರ್ (ಆ ದಾರದ ಮೇಲೆ ತಿರುಗೋ ಬಳೆ) ಅಲ್ಲಾಡಲೇ ಇಲ್ಲ, ಅಲ್ಯೂಮಿನಿಯಂ ಕಾಲರು ಉಕ್ಕಿನ ದಾರ ಎರಡೂ ಸೇರಿ ಬೆಸುಗೆ ಹಾಕಿದಂಗೆ ಆಗೋಗಿತ್ತು, ಬಿಳೀ ಪುಡಿ ಉದುರ್ತಿತ್ತು. ಪೆನೆಟ್ರೇಟಿಂಗ್ ಆಯಿಲ್ ಹಾಕಿ ರಾತ್ರಿಯೆಲ್ಲಾ ಬಿಟ್ಟೆ, ಹೀಟ್ ಗನ್ ಹಿಡಿದೆ, ಕೊನೆಗೆ ಸ್ಪ್ಯಾನರ್ ಹಲ್ಲೇ ಮುರೀತು. ಎತ್ತರ ಅಡ್ಜಸ್ಟ್ ಮಾಡೋಕಾಗ್ದೇ ಇರೋ ಕಾಯ್ಲೋವರ್ ಇಟ್ಕೊಂಡು ಏನ್ ಮಾಡೋದು.

ಅದಕ್ಕೇ ನಮ್ಮಂಥ ಊರಿಗೆ ನಾನು ಮೊದ್ಲು ನೋಡೋದು ಕಾಯ್ಲೋವರ್ ಬಾಡಿ ಯಾವ ಲೋಹದ್ದು ಅಂತ, ಶಾಕ್ ಗಟ್ಟಿ-ಮೆತ್ತಗೆ ಮಾಡೋ ಕ್ಲಿಕ್ ಎಷ್ಟಿದೆ ಅನ್ನೋದೆಲ್ಲಾ ಆಮೇಲೆ. ಕೆಡಬ್ಲ್ಯೂ ವಿ3 ಸ್ಟೇನ್‌ಲೆಸ್ ಸ್ಟೀಲ್ ಬಾಡಿ, ರಿಬೌಂಡು (ಶಾಕ್ ಹಿಗ್ಗುವಾಗಿನ ತಡೆ) ಕಂಪ್ರೆಷನ್ನು (ಕುಗ್ಗುವಾಗಿನ ತಡೆ) ಬೇರೆ ಬೇರೆ ಅಡ್ಜಸ್ಟ್ ಆಗುತ್ತೆ, ನಾನೀಗ ಅದರಲ್ಲೇ ಇದ್ದೀನಿ. ಓಲಿನ್ಸ್ ಓಡಿಸೋಕೆ ಅದ್ಭುತ, ಗೆಳತಿ ಗಾಡೀಲಿ ನೋಡಿದ್ದೀನಿ, ಆದ್ರೆ ಅವಳು ಚಳಿಗಾಲಕ್ಕೆ ಬೇರೆ ಗಾಡಿ ಇಟ್ಕೊಂಡಿದ್ದಾಳೆ, ಹಾಗಾಗಿ ಉಪ್ಪಿಗೆ ಹೆಂಗೆ ಅಂತ ಗೊತ್ತಿಲ್ಲ. ಬಿ.ಸಿ. ಬಿಆರ್ ಕೊಟ್ಟ ದುಡ್ಡಿಗೆ ಮೋಸ ಇಲ್ಲ, 30 ಕ್ಲಿಕ್, ಮೇಲ್ಗಡೆ ಕ್ಯಾಂಬರ್ (ಚಕ್ರ ಒಳಕ್ಕೆ-ಹೊರಕ್ಕೆ ವಾಲೋ ಕೋನ) ಹೊಂದಿಸೋ ಪ್ಲೇಟ್ ಜೊತೇಲೇ ಬರುತ್ತೆ, ಆದ್ರೆ ಆ ಪಿಲ್ಲೋಬಾಲ್ (ಲೋಹದ ಗುಂಡಿನ) ಮೌಂಟಲ್ಲಿ ರಬ್ಬರ್ ಇಲ್ಲ, ನಾಲ್ಕು ವರ್ಷ ಉಪ್ಪು ಕುಡಿದ್ರೆ ಕಟಕಟ ಅನ್ನೋಕೆ ಶುರು ಮಾಡುತ್ತೆ, ಮಗು ಮಲಗಿರೋ ಗಾಡಿಗೆ ನಾನಂತೂ ಹಾಕಲ್ಲ. ಟೀನ್ ಫ್ಲೆಕ್ಸ್ ಝಡ್ ಸೀಲ್ಡ್, 16 ಕ್ಲಿಕ್, ರಿಬಿಲ್ಡ್ ಆಗಲ್ಲ, ಹಾಳಾದ್ರೆ ಆ ಒಂದನ್ನ ತೆಗೆದು ಬೇರೆ ಹಾಕೋದು. ಕಡಿಮೆ ಬಜೆಟ್ಟಿಗೆ ಬಿ.ಸಿ.ಗಿಂತ ಇದೇ ಮೆತ್ತಗೆ.

ಯಾವ್ದೇ ತಗೊಳ್ಳಿ, ನವೆಂಬರಲ್ಲಿ ಉಪ್ಪು ಬೀಳೋಕೆ ಮುಂಚೆ ದಾರಗಳನ್ನ ಬ್ರಶ್ಶಲ್ಲಿ ಉಜ್ಜಿ ತೊಳೆದು ಒಣಗಿಸಿ ಲ್ಯಾನೋಲಿನ್ ಸ್ಪ್ರೇ ಹೊಡೀರಿ, ಏಪ್ರಿಲಲ್ಲಿ ತೊಳೆದು ಕಾಲರ್ ಒಂದು ಸುತ್ತು ಆಕಡೆ ತಿರುಗಿಸಿ ಮತ್ತೆ ಅಲ್ಲಿಗೇ ತನ್ನಿ. ವರ್ಷಕ್ಕೆ ಎರಡು ಸಲ ಒಂದೊಂದು ಗಂಟೆ ಕೆಲಸ ಅಷ್ಟೇ.

ಡ್ಯಾಂಪರ್_ಮೇಷ್ಟ್ರು

ನನ್ನ ಕೆಲಸಾನೇ ಸಸ್ಪೆನ್ಷನ್ ಟ್ಯೂನಿಂಗು, ಸ್ವಲ್ಪ ಉದ್ದ ಬರೀತೀನಿ ಬೇಜಾರ್ ಮಾಡ್ಕೋಬೇಡಿ. ನೀವು ಕೇಳಿರೋದ್ರಲ್ಲಿ ಮುಖ್ಯವಾದ ಪ್ರಶ್ನೆ ಎಷ್ಟು ತಗ್ಗಿಸಬಹುದು ಅನ್ನೋದು, ಬ್ರ್ಯಾಂಡ್ ಆಮೇಲಿನ ಮಾತು.

ನಮ್ಮ ಗಾಡಿಗೆ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದ್ರೆ ಶಾಕ್, ಸ್ಪ್ರಿಂಗ್ ಸೇರಿ ಒಂದೇ ಕಂಬ. ಗಾಡಿ ಇಳಿಸಿದಷ್ಟೂ ಕೆಳಗಿನ ಕಂಟ್ರೋಲ್ ಆರ್ಮಿನ ಬಾಡಿ ಕಡೆ ತುದಿ ಕೆಳಗೆ ಬರುತ್ತೆ, ಚಕ್ರದ ಕಡೆ ತುದಿ ಅಲ್ಲೇ ಇರುತ್ತೆ, ಅಂದ್ರೆ ಆರ್ಮು ಚಕ್ರದ ಕಡೆಗೆ ಮೇಲೇರಿದಂಗೆ ಓರೆಯಾಗುತ್ತೆ. ಆಗ ರೋಲ್ ಸೆಂಟರ್ (ತಿರುವಲ್ಲಿ ಗಾಡಿ ಯಾವ ಬಿಂದು ಸುತ್ತ ವಾಲುತ್ತೋ ಅದು) ಅನ್ನೋದು ಗಾಡಿ ಇಳಿದಿದ್ದಕ್ಕಿಂತ ಜಾಸ್ತಿ ಕೆಳಗೆ ಇಳಿದುಬಿಡುತ್ತೆ, ಭಾರದ ಕೇಂದ್ರಕ್ಕೂ ಅದಕ್ಕೂ ಮಧ್ಯೆ ಅಂತರ ಹೆಚ್ಚುತ್ತೆ, ತಿರುವಲ್ಲಿ ಗಾಡಿ ಮೊದಲಿಗಿಂತ ಹೆಚ್ಚು ವಾಲೋಕೆ ನೋಡುತ್ತೆ. ಅದನ್ನ ತಡೆಯೋಕೆ ಗಟ್ಟಿ ಸ್ಪ್ರಿಂಗ್ ಹಾಕ್ತಾರೆ, ಗಟ್ಟಿ ಸ್ಪ್ರಿಂಗಿಗೆ ಗುಂಡಿ ಮೇಲೆ ಚಕ್ರ ನೆಲ ಬಿಡುತ್ತೆ. ಸಾಲದು ಅಂತ, ಚಕ್ರ ಮೇಲೆ ಬಂದಾಗ ಸಿಗಬೇಕಾದ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲೋದು) ಸಿಗೋದು ನಿಂತು ಉಲ್ಟಾ ಕಳೆಯೋಕೆ ಶುರುವಾಗುತ್ತೆ. ಎರಡಿಂಚು ಇಳಿಸಿರೋ ಗಾಡಿ ನೋಡೋಕೆ ಚೆಂದ, ಟ್ರ್ಯಾಕಲ್ಲಿ ಸ್ಟಾಕ್ ಗಾಡಿಗಿಂತ ನಿಧಾನ ಇರೋದನ್ನ ಕಣ್ಣಾರೆ ನೋಡಿದ್ದೀನಿ. ರೋಲ್ ಸೆಂಟರ್ ಸರಿಪಡಿಸೋ ಉದ್ದ ಬಾಲ್ ಜಾಯಿಂಟ್ ಸಿಗುತ್ತೆ, ಆದ್ರೆ ಒಂದಿಂಚಿಗಿಂತ ಕೆಳಗೆ ಹೋಗದೇ ಇದ್ರೆ ಅದರ ಗೊಡವೆ ನಿಮಗೆ ಬೇಕಿಲ್ಲ.

ಇನ್ನು ಆಲ್ ವೀಲ್ ಡ್ರೈವ್ ವಿಷಯ. ನಾಲ್ಕು ಚಕ್ರಕ್ಕೂ ಆಕ್ಸಲ್ ಇದೆ, ಆದ್ದರಿಂದ ತಗ್ಗಿಸಿದ್ರೆ ನಾಲ್ಕೂ ಕಡೆ ಸಿವಿ ಜಾಯಿಂಟಿನ (ಆಕ್ಸಲ್ ಮಡಚ್ಕೊಂಡೇ ತಿರುಗೋಕೆ ಬಿಡೋ ಕೀಲು) ಕೋನ ಬದಲಾಗುತ್ತೆ. ಇದು ಎಲ್ರಿಗೂ ಗೊತ್ತು. ಎಲ್ರೂ ಮರೆಯೋದು ಟೈರು. ನಾಲ್ಕೂ ಟೈರಿನ ಸುತ್ತಳತೆ ಕಾಲು ಇಂಚಿನ ಒಳಗೆ ಹೊಂದಬೇಕು ಅಂತ ಸುಬಾರುನೇ ಹೇಳುತ್ತೆ, ಯಾಕಂದ್ರೆ ಮ್ಯಾನ್ಯುವಲ್ ಗಾಡೀಲಿ ಸೆಂಟರ್ ಡಿಫರೆನ್ಷಿಯಲ್ (ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚೋ ಭಾಗ) ವಿಸ್ಕಸ್ ಕಪ್ಲಿಂಗಿಂದು, ಒಂದು ಚಕ್ರ ಚಿಕ್ಕದಾದ್ರೆ ನೇರ ರಸ್ತೇಲೂ ಅದು ಉಜ್ಜಾಡ್ತಾ ಬಿಸಿಯಾಗ್ತಾ ಇರುತ್ತೆ. ಈಗ ಯೋಚನೆ ಮಾಡಿ, ಕಾಯ್ಲೋವರ್ ಹಾಕಿ ಅಲೈನ್‌ಮೆಂಟ್ ಮಾಡಿಸದೇ ಒಂದೆರಡು ತಿಂಗಳು ಓಡಿಸಿದ್ರೆ ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋದು) ಕೆಟ್ಟಿರೋ ಒಂದು ಟೈರಿನ ಒಳ ಅಂಚು ಬೋಳಾಗುತ್ತೆ, ಫ್ರಂಟ್ ವೀಲ್ ಗಾಡಿ ಆಗಿದ್ರೆ ಎರಡು ಟೈರಲ್ಲಿ ಮುಗೀತಿತ್ತು, ಇದಕ್ಕೆ ನಾಲ್ಕೂ ತಗೋಬೇಕು. ಹಾಗಾಗಿ ಕಾಯ್ಲೋವರ್ ರೇಟಿನ ಜೊತೆ ಅಲೈನ್‌ಮೆಂಟ್ ಖರ್ಚನ್ನ ಮೊದಲೇ ಸೇರಿಸಿಟ್ಕೊಳ್ಳಿ. ದಿನಬಳಕೆಗೆ ಮುಂದೆ ಮೈನಸ್ 1.5 ಡಿಗ್ರಿ, ಹಿಂದೆ ಅದಕ್ಕಿಂತ ಸ್ವಲ್ಪ ಕಡಿಮೆ ಕ್ಯಾಂಬರ್, ಮುಂದೆ ಟೋ ಸೊನ್ನೆ, ಟ್ರ್ಯಾಕಿಗೂ ಇದು ನಡೆಯುತ್ತೆ.

ಟ್ರ್ಯಾಕಿಗೆ ಹೋಗದೇ ಇದ್ದಿದ್ರೆ ಹೊಸ ಸ್ಟಾಕ್ ಸ್ಟ್ರಟ್ಟೇ ಹಾಕಿ ಅಂತಿದ್ದೆ, 88 ಸಾವಿರ ಮೈಲಿ ಆದ ಗಾಡಿಗೆ ಅದರಲ್ಲೇ ಅರ್ಧ ಸುಖ ವಾಪಸ್ ಬರುತ್ತೆ. ನಿಮ್ಮ ಬಳಕೆಗೆ ಒಳ್ಳೆ ಡ್ಯಾಂಪರ್ (ಶಾಕ್) ಇರೋ ಕಾಯ್ಲೋವರ್ ಸರಿಯೇ. ದುಡ್ಡು ಹೋಗೋದು ಒಳಗೆ ಎಣ್ಣೆ ಹರಿಯೋದನ್ನ ನಿಯಂತ್ರಿಸೋ ವಾಲ್ವಿಂಗಿಗೆ, ಅಂಗೈ ಅಗಲದ ಗುಂಡಿಗೆ ಬಿದ್ದಾಗ ಅದು ಗೊತ್ತಾಗುತ್ತೆ.

ಬನಶಂಕರಿ_ಯೇತಿ

ಬೆಂಗಳೂರಿಂದ ಬರೀತಿದ್ದೀನಿ, ನಂದು ಸ್ಕೋಡಾ ಯೇತಿ ಫೋರ್ ಬೈ ಫೋರ್. ನಿಮ್ಮಲ್ಲಿ ಉಪ್ಪು, ನಮ್ಮಲ್ಲಿ ಹಂಪು, ಕಷ್ಟ ಬೇರೆ ಆದ್ರೂ ಒಂದು ಮಾತು ಎರಡಕ್ಕೂ ಅನ್ವಯಿಸುತ್ತೆ ಅದಕ್ಕೇ ಹೇಳ್ತೀನಿ. ನನ್ನ ಗಾಡಿಗೆ ಶಾಕ್, ಸ್ಪ್ರಿಂಗ್ ಹಾಕಿದ ಮೆಕ್ಯಾನಿಕ್ಕು ಕೆಲಸ ಅಚ್ಚುಕಟ್ಟಾಗೇ ಮಾಡಿದ್ರು, ಆದ್ರೆ ಗಾಡಿ ಲಿಫ್ಟ್ ಮೇಲೆ ಚಕ್ರ ಜೋತಾಡ್ತಿರುವಾಗಲೇ ಆರ್ಮಿನ ಬೋಲ್ಟೆಲ್ಲಾ ಫುಲ್ ಟೈಟ್ ಮಾಡ್ಬಿಟ್ರು. ಬುಶ್ಶು ರಬ್ಬರಿಂದು, ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ರಬ್ಬರ್ ಅಂಟ್ಕೊಂಡಿರುತ್ತೆ. ಜೋತಾಡೋ ಸ್ಥಿತೀಲಿ ಬಿಗಿದ್ರೆ, ಕೆಳಗಿಳಿಸಿದ ತಕ್ಷಣ ಆ ರಬ್ಬರು ಬಟ್ಟೆ ಹಿಂಡಿದಂಗೆ ತಿರುಚ್ಕೊಂಡು ಹಾಗೇ ಉಳಿಯುತ್ತೆ. ಎಂಟು ತಿಂಗಳಿಗೆ ಹಿಂದಿನ ಎರಡೂ ಬುಶ್ ಹರಿದು ಬಂತು. ಗಾಡಿ ನೆಲದ ಮೇಲೆ ತನ್ನ ಭಾರದಲ್ಲಿ ಕೂತಾಗ, ಇಲ್ಲಾ ಜಾಕಲ್ಲಿ ಹಬ್ಬನ್ನ ಅಷ್ಟೇ ಎತ್ತರಕ್ಕೆ ಎತ್ತಿ ಹಿಡಿದು, ಆಮೇಲೇ ಕೊನೇ ಬಿಗಿ ಬಿಗೀಬೇಕು.

ಎತ್ತರ ಅಳೆಯೋದು ನೆಲದಿಂದ ಬೇಡ, ಹಬ್ ನಡುವಿಂದ ಫೆಂಡರ್ ಅಂಚಿಗೆ ಅಳೀರಿ. ಟೈರ್ ಗಾಳಿ ಹೆಚ್ಚು ಕಡಿಮೆ ಇದ್ರೂ ಲೆಕ್ಕ ತಪ್ಪಲ್ಲ.

ನೋವೈ_ನಿವಾಸಿ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ಟೈರ್ ವಿಷಯ ಓದಿ ಹೋಗಿ ನಾಲ್ಕೂ ಅಳೆದೆ, ಸದ್ಯಕ್ಕೆ ಸರಿಯಾಗಿದೆ. ಮನೇಲೂ ಮಾತಾಡಿ ವಿ3ಗೇ ಆರ್ಡರ್ ಮಾಡಿದೆ, ಬಜೆಟ್ ಮೀರ್ತು, ಆದ್ರೆ ಡುಲೂತ್ ಅಕ್ಕ ಹೇಳಿದ ಬಿಳೀ ಪುಡಿ ಕಣ್ಮುಂದೆ ಬರ್ತಿತ್ತು. ಈಗ ಫಿಟ್ ಮಾಡೋ ಕ್ರಮ ಸ್ವಲ್ಪ ಹೇಳಿ, ಮುಂದಿನ ಶನಿವಾರ ಕೂರ್ತೀನಿ.

ತೀರ್ಥಹಳ್ಳಿ_ಟು_ಡುಲೂತ್

ಶುಕ್ರವಾರದವರೆಗೂ ಕಾಯಬೇಡಿ, ಇವತ್ತಿಂದಾನೇ ದಿನಾ ಸಂಜೆ ಹಿಂದಿನ ಶಾಕ್ ಕೆಳಗಿನ ಬೋಲ್ಟಿಗೆ ಪೆನೆಟ್ರೇಟಿಂಗ್ ಆಯಿಲ್ ಹೊಡೀರಿ, ನಮ್ಮ ರಾಜ್ಯಗಳ ಗಾಡೀಲಿ ಅದು ಬುಶ್ಶಿನ ತೋಳಿಗೆ ಕಚ್ಕೊಂಡಿರುತ್ತೆ, ಇಡೀ ಕೆಲಸದಲ್ಲಿ ಕಷ್ಟ ಕೊಡೋದು ಅದೊಂದೇ. ಕೆಡಬ್ಲ್ಯೂಗೆ ನಿಮ್ಮ ಹಳೇ ಟಾಪ್ ಮೌಂಟನ್ನೇ (ಸ್ಟ್ರಟ್ಟಿನ ಮೇಲ್ತುದಿಯನ್ನ ಗಾಡಿ ಬಾಡಿಗೆ ಹಿಡಿಯೋ ಭಾಗ) ತೆಗೆದು ಹಾಕಬೇಕು, ಅಷ್ಟು ಮೈಲಿ ಓಡಿರೋದು ಬೇಡ, ಮುಂದಿನ ಎರಡಕ್ಕೆ ಹೊಸಾ ಟಾಪ್ ಮೌಂಟ್ ತರಿಸ್ಕೊಳ್ಳಿ. ಆಗ ಹಳೇ ಸ್ಟ್ರಟ್ಟು ಬಿಚ್ಚೋ ಕೆಲಸಾನೂ ಕಡಿಮೆ ಆಗುತ್ತೆ. ಎಲ್ಲಾದ್ರೂ ಬಿಚ್ಚಬೇಕಾಗಿ ಬಂದ್ರೆ ಸ್ಪ್ರಿಂಗ್ ಕಂಪ್ರೆಸರ್ ಹಾಕಿ ಸ್ಪ್ರಿಂಗ್ ಸಡಿಲ ಆಗೋವರೆಗೂ ಮೇಲಿನ ನಡು ನಟ್ಟು ಮುಟ್ಟಲೇಬೇಡಿ ತಮ್ಮಾ, ಆ ಸ್ಪ್ರಿಂಗ್ ಸಿಡಿದ್ರೆ ಕೈ ಮುರಿಯೋದಷ್ಟೇ ಅಲ್ಲ ಜೀವಾನೇ ಹೋಗಬಹುದು.

ಮುಂದೆ ಎರಡೂ ಚಕ್ರ ಒಟ್ಟಿಗೇ ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ, ಒಂದೇ ಕಡೆ ಎತ್ತಿದ್ರೆ ಸ್ವೇ ಬಾರ್ (ಎಡ-ಬಲ ಚಕ್ರಗಳನ್ನ ಜೋಡಿಸೋ, ವಾಲೋದನ್ನ ತಡೆಯೋ ಸರಳು) ಎಳೆದು ಹಿಡ್ಕೊಳುತ್ತೆ. ಬ್ರೇಕ್ ಹೋಸಿನ ಬ್ರಾಕೆಟ್ಟು, ಎಬಿಎಸ್ ವೈರು ಮೊದಲು ಬಿಡಿಸಿ. ನಕಲ್ಲಿಗೆ (ಚಕ್ರದ ಹಬ್ ಹಿಡಿದಿರೋ ಭಾಗ) ಎರಡು ಬೋಲ್ಟ್ ಇದೆಯಲ್ಲ, ಮೇಲಿಂದು ಕ್ಯಾಂಬರ್ ಬೋಲ್ಟು, ತಲೆ ಮೇಲೆ ಗೆರೆಗಳಿರುತ್ತೆ, ಯಾವ ಗೆರೇಲಿ ಇದೆ ಅಂತ ಪೇಂಟ್ ಗುರುತು ಹಾಕಿ, ಅಲೈನ್‌ಮೆಂಟ್ ಅಂಗಡಿವರೆಗೂ ಸೀದಾ ಹೋಗೋಕಾದ್ರೂ ಆಗುತ್ತೆ. ಬೋಲ್ಟ್ ತೆಗೆದ ಮೇಲೆ ನಕಲ್ ಹೊರಕ್ಕೆ ವಾಲದಂಗೆ ಹಗ್ಗ ಕಟ್ಟಿ, ಜಾಸ್ತಿ ವಾಲಿದ್ರೆ ಆಕ್ಸಲ್ಲಿನ ಒಳಗಡೆ ಜಾಯಿಂಟ್ ಕಳಚ್ಕೊಳುತ್ತೆ, ಬ್ರೇಕ್ ಹೋಸ್ ಬೇರೆ ಎಳೆಯುತ್ತೆ. ಹಿಂದಿನ ಮೇಲಿನ ನಟ್ಟು ಡಿಕ್ಕಿ ಲೈನಿಂಗ್ ಸರಿಸಿದ್ರೆ ಸಿಗುತ್ತೆ. ಟಾರ್ಕ್ ಎಷ್ಟು ಅನ್ನೋದನ್ನ ನಿಮ್ಮ ವರ್ಷದ ಸರ್ವಿಸ್ ಮ್ಯಾನ್ಯುವಲ್ ನೋಡೇ ಹಾಕಿ, ಇನ್ಯಾರೋ ಹೇಳಿದ್ದು ಬೇಡ. ಎಲ್ಇಡಿ ಹೆಡ್‌ಲೈಟ್ ಇದ್ರೆ ಹಿಂದಿನ ಆರ್ಮಿಗೆ ಲೆವೆಲ್ ಸೆನ್ಸರಿನ ಪುಟ್ಟ ಕಡ್ಡಿ ಇರುತ್ತೆ, ಅದನ್ನ ಬಿಡಿಸೋದು ಮರೀಬೇಡಿ.

ನೋವೈ_ನಿವಾಸಿ

ಮುಗೀತು! ಶನಿವಾರ ಬೆಳಿಗ್ಗೆ ಎಂಟಕ್ಕೆ ಶುರು ಮಾಡಿ ಭಾನುವಾರ ಮಧ್ಯಾಹ್ನ ಆಯ್ತು, ಮುಂದಿನದು ಮೂರು ಗಂಟೆ, ಹಿಂದಿನ ಬಲಗಡೆ ಬೋಲ್ಟ್ ಒಂದಕ್ಕೇ ನಾಲ್ಕು ಗಂಟೆ, ಅಕ್ಕ ಹೇಳಿದ್ದು ಅಕ್ಷರಶಃ ನಿಜ. ಕೊನೆಗೆ ಪಕ್ಕದ ಮನೆಯವರು ಇಂಪ್ಯಾಕ್ಟ್ ಗನ್ ತಂದು ಕೊಟ್ರು, ಕೆಂಪು ಪುಡಿ ಸುರೀತಾ ಹೊರಗೆ ಬಂತು, ಹೊಸ ಬೋಲ್ಟಿಗೆ ಆಂಟಿ ಸೀಝ್ ಬಳಿದು ಹಾಕಿದೆ. ಎತ್ತರ ಕಂಪನಿ ಹೇಳಿರೋ ರೇಂಜಲ್ಲಿ ಎಲ್ಲಕ್ಕಿಂತ ಮೇಲೇ ಇಟ್ಟಿದ್ದೀನಿ, ಹಬ್ಬಿಂದ ಫೆಂಡರಿಗೆ ಅಳೆದ್ರೆ ಸುಮಾರು ಒಂದಿಂಚು ಇಳಿದಿದೆ. ಬುಶ್ ಬೋಲ್ಟೆಲ್ಲಾ ಗಾಡಿ ರ‍್ಯಾಂಪ್ ಮೇಲೆ ಭಾರ ಬಿಟ್ಟು ಕೂತ ಮೇಲೇ ಬಿಗಿದೆ. ಸೋಮವಾರ ಅಲೈನ್‌ಮೆಂಟ್ ಆಯ್ತು.

ಅದೇ ಸೇತುವೆ ಜಾಯಿಂಟ್, ಈಗ ಒಂದೇ ಸಲ ಧಡ್ ಅಂದು ಸುಮ್ಮನಾಗುತ್ತೆ. ಒಂದೇ ತೊಂದರೆ, ಮುಂದೆ ಎಡಗಡೆ ನಿಧಾನವಾಗಿ ಹಂಪ್ ಹತ್ತಿದಾಗ ಟಕ್ ಅಂತ ಸದ್ದು. ಟಾಪ್ ಮೌಂಟಾ?

ಡ್ಯಾಂಪರ್_ಮೇಷ್ಟ್ರು

ಸ್ಟೀರಿಂಗ್ ತಿರುಗಿಸಿದಾಗ ಟೊಂಯ್ ಅಂದ್ರೆ ಟಾಪ್ ಮೌಂಟು, ಇಲ್ಲಾ ಸ್ಪ್ರಿಂಗ್ ಸರಿಯಾಗಿ ಕೂತಿಲ್ಲ. ನೇರ ಹೋಗುವಾಗ ಒಂದೇ ಚಕ್ರ ಎದ್ದಾಗ ಮಾತ್ರ ಟಕ್ ಅಂದ್ರೆ ಮೊದಲು ಎಂಡ್ ಲಿಂಕ್ (ಸ್ವೇ ಬಾರ್ ತುದಿಯ ಕಡ್ಡಿ) ನಟ್ಟು ನೋಡಿ, ಎರಡೂ ಚಕ್ರ ನೆಲದ ಮೇಲಿರುವಾಗ.

ನೋವೈ_ನಿವಾಸಿ

ಅದೇ ಮೇಷ್ಟ್ರೇ! ಎಡಗಡೆ ಕೆಳಗಿನ ನಟ್ಟು ಕಾಲು ಸುತ್ತು ತಿರುಗ್ತು, ಸದ್ದು ಹೋಯ್ತು. ಎಲ್ಲಾ ಕಡೆ ಇನ್ನೊಂದು ಸಲ ಟಾರ್ಕ್ ರೆಂಚ್ ಹಾಕಿ ನೋಡಿದೆ, ಬೇರೆ ಯಾವ್ದೂ ಸಡಿಲ ಇಲ್ಲ. ನಿನ್ನೆ ಮಗಳು ಆಫೀಸಿನ ದಾರೀಲಿರೋ ಡೇಕೇರ್ ಬರೋವರೆಗೂ ಎದ್ದಿಲ್ಲ.